ಕಾಗದ ಹೊಡೆದರೆ ಸಾರು ಆಗ್ತದೇನು?

ದೇವದುರ್ಗದ ನಮ್ಮ ಮಾವ ಒಂದು ಕಾಲಕ್ಕೆ ಶಿಕಾರಿಗೆ ಹೆಸರಾದವರು. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಮಾನ್ವಿ ಕಡೆಯ ಹೊಲವೊಂದರಲ್ಲಿ ಅವರ ಬಂದೂಕಿನಿಂದ ಒಂದು ಕೌಜುಗ ಹೊಡೆದೆ. ಸಾಯಲಿಲ್ಲ. ಕೈಯಲ್ಲಿ ಹಿಡಿದರೆ ಎದೆ ಢವಢವ ಅಂತಿತ್ತು. ಮಾವ ಕತ್ತು ತಿರುವಿದರು. ಆ ರಾತ್ರಿ ಸಾರು ನನ್ನ ಗಂಟಲಲ್ಲಿ ಇಳೀಲಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧವೂ ಹೌದು ಅಂತ ಗೊತ್ತಾಗಿದ್ದು ಆಮೇಲೆ.

ಈಗ ಮೂವತ್ತಕ್ಕೆ ಏರ್ ರೈಫಲ್ ತಗೊಂಡಿದ್ದೀನಿ. ರಾಯಚೂರಿನ ಬಿಸಿಲು ಏರೋ ಮೊದಲು, ಮಾಳಿಗೆ ಮೇಲೆ ಎತ್ತರದ ಗೋಡೆಗೆ ಹಳೇ ಬಟ್ಟೆ ತುಂಬಿದ ಪೆಟ್ಟಿಗೆ, ಅದರ ಮುಂದೆ ಟಾರ್ಗೆಟ್ ಕಾಗದ. ದೂರ 10 ಮೀಟರ್. ನಡುವಿನ ಚುಕ್ಕೆ ಬರೀ 0.5 ಮಿಲಿಮೀಟರ್! 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ ಚಿನ್ನ ಗೆದ್ದಿದ್ದು ಇದೇ ದೂರದಲ್ಲಿ.

ದಿನವಿಡೀ ಮೀಟಿಂಗು, ಬಗ್ಗು ಅಂತ ಓಡೋ ತಲೆ ಇಲ್ಲಿ ಉಸಿರಿನ ಹತ್ರ ಬಂದು ನಿಲ್ಲುತ್ತೆ. ತಪ್ಪಿದರೆ ಯಾವ ಜೀವವೂ ನರಳಲ್ಲ. ಇನ್ನೊಂದು ಗುಂಡು, ಇನ್ನೊಂದು ಪ್ರಯತ್ನ, ಅಷ್ಟೇ.

ಹೋದ ತಿಂಗಳು ಮಾವ ಬಂದು ನಕ್ಕರು. “ಅಳಿಯಾ, ಕಾಗದ ಹೊಡದ್ರ ಸಾರು ಆಗ್ತದೇನು?”

“ನೀವೇ ಹೊಡೀರಿ ಮಾವ.”

ಐದು ಗುಂಡು ಹೊಡೆದರು. ಕಪ್ಪು ವೃತ್ತದೊಳಗೆ ಒಂದೂ ಬೀಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತು, “ಕೌಜುಗ ಇದಕ್ಕಿಂತ ಭಾಳ ದೊಡ್ಡದಿತ್ತು ಬಿಡು” ಅಂದರು.

ಮುಂದಿನ ಶನಿವಾರ ರಾತ್ರಿ ಅವರದೇ ಫೋನು: “ನಾಳೆ ಬರ್ತೀನಿ, ಕಾಗದ ಅದಾವೇನು?”