ಡೆಸರ್ಟ್ ಸಫಾರಿಯೂ, ಅವ್ವನ ಬೆನ್ನೂ

ಚಳಿಗಾಲ ಹತ್ತಿರ ಬಂತು ಅಂದ್ರೆ ನನಗೆ ಊರಿನಿಂದ ಫೋನು ಜಾಸ್ತಿ. "ದುಬೈಗೆ ಬರಾಕತ್ತೇವಿ. ಅದೇನೋ ಡೆಸರ್ಟ್ ಸಫಾರಿ ಅಂತಾರಲ್ಲ, ಹೆಂಗಿರತೈತಿ? ಅಪ್ಪ ಅವ್ವನ್ನೂ ಕರಕೊಂಡು ಹೋಗಬಹುದಲ್ಲ?" ಮೊದಲೆಲ್ಲಾ ಹಿಂದೆಮುಂದೆ ನೋಡದೆ "ಹೋಗ್ರಿ, ಮಸ್ತ್ ಇರತೈತಿ" ಅಂದುಬಿಡುತ್ತಿದ್ದೆ. ಈಗ ಹಾಗನ್ನುವುದಿಲ್ಲ. ಅಪ್ಪನ ವಯಸ್ಸೆಷ್ಟು, ಅವ್ವನಿಗೆ ಬೆನ್ನುನೋವು ಇದೆಯಾ, ಬಿಪಿ ಇದೆಯಾ ಅಂತ ಡಾಕ್ಟರ ಥರ ವಿಚಾರಿಸುತ್ತೇನೆ. ಕೆಲವರಿಗೆ ಕಿರಿಕಿರಿ ಆಗುತ್ತೆ. ಆಗಲಿ ಬಿಡಿ. ಯಾಕೆ ಕೇಳ್ತೀನಿ ಅಂತ ಇಲ್ಲಿ ಬರೆದು ಹಾಕ್ತಿದ್ದೀನಿ.

ಮೊದಲು ಈ ಸಫಾರಿ ಅಂದ್ರೆ ಏನು ಅಂತ ಹೇಳಿಬಿಡ್ತೀನಿ. ಗೊತ್ತಿದ್ದವರು ಎರಡು ಪ್ಯಾರಾ ದಾಟಿ ಮುಂದೆ ಹೋಗಿ :-)

ಮಧ್ಯಾಹ್ನ ಎರಡೂವರೆ ಮೂರರ ಹೊತ್ತಿಗೆ ಮನೆ ಬಾಗಿಲಿಗೆ ಅಥವಾ ಹೋಟೆಲಿಗೆ ಒಂದು ದೊಡ್ಡ ಗಾಡಿ ಬರುತ್ತೆ. ಹೆಚ್ಚಾಗಿ ಲ್ಯಾಂಡ್ ಕ್ರೂಸರ್. ಡ್ರೈವರ್ ಬಿಟ್ಟು ಆರು ಜನ. ಹತ್ತಾ ರಸ್ತೆಯಲ್ಲಿ ಮುಕ್ಕಾಲು ಗಂಟೆ, ಒಂದು ಗಂಟೆ ಹೋದರೆ ಲಹಬಾಬ್ ಅನ್ನೋ ಜಾಗದ ಆಸುಪಾಸು ಕೆಂಪು ಮರಳಿನ ದಿಬ್ಬಗಳು ಕಾಣಿಸ್ತವೆ. ಮರಳಿನ ಕಣಗಳ ಮೇಲೆ ಕಬ್ಬಿಣದ ಆಕ್ಸೈಡ್ ಇರೋದರಿಂದ ಆ ಬಣ್ಣ. ರಸ್ತೆ ಬಿಡುವ ಮೊದಲು ಒಂದು ಕಡೆ ನಿಲ್ಲಿಸಿ ಟಯರಿನ ಗಾಳಿ ಇಳಿಸುತ್ತಾರೆ. 35ರ ಹತ್ತಿರ ಇರೋ ಪಿಎಸ್ಐ 15-18ಕ್ಕೆ ಬರುತ್ತೆ. ಟಯರು ಚಪ್ಪಟೆಯಾಗಿ ಹೆಚ್ಚು ಮರಳನ್ನು ತಬ್ಬಿಕೊಳ್ಳುತ್ತೆ, ಗಾಡಿ ಹೂತುಹೋಗೋದಿಲ್ಲ. ಅಷ್ಟರಲ್ಲಿ ಅಲ್ಲೇ ಕ್ವಾಡ್ ಬೈಕಿನವರು, ತಲೆಗೆ ಕಟ್ಟೋ ವಸ್ತ್ರ ಮಾರುವವರು ನಿಮ್ಮನ್ನು ಮುತ್ತಿಕೊಂಡಿರ್ತಾರೆ. ಅದೆಲ್ಲಾ ಟಿಕೆಟ್ಟಿನ ಆಚೆಯ ಲೆಕ್ಕ, ನೆನಪಿರಲಿ.

ಆಮೇಲೆ ಡ್ಯೂನ್ ಬ್ಯಾಶಿಂಗ್. ಅರ್ಧ ಗಂಟೆ ದಿಬ್ಬ ಹತ್ತಿಸಿ ಇಳಿಸುವ ಆಟ. ಸೂರ್ಯಾಸ್ತಕ್ಕೆ ಒಂದು ಫೋಟೋ ಸ್ಟಾಪ್. ನಂತರ ಕ್ಯಾಂಪು: ಖರ್ಜೂರ, ಏಲಕ್ಕಿ ಹಾಕಿದ ಗಹವಾ, ಮೆಹಂದಿ, ಎರಡು ನಿಮಿಷದ ಒಂಟೆ ಸವಾರಿ, ಗಿಡುಗದ ಜೊತೆ ಫೋಟೋ, ಕುಣಿತ, ಬೆಂಕಿಯಾಟ, ಬಫೆ ಊಟ. ರಾತ್ರಿ ಒಂಬತ್ತು ಒಂಬತ್ತೂವರೆಗೆ ಮನೆ. ಇಷ್ಟೇ.

2023ರ ಡಿಸೆಂಬರಿನಲ್ಲಿ ಅವ್ವ ಬಂದಿದ್ದಳು. ಗದಗಿನ ಕಡೆಯ ಹಳ್ಳಿಯವಳು, ಅರವತ್ತೆಂಟು ವರ್ಷ, ಮೊದಲ ವಿಮಾನ ಪ್ರಯಾಣ. ಬುರ್ಜ್ ಖಲೀಫಾ ಆಯ್ತು, ಮಾಲ್ ಆಯ್ತು, ಕಾರಂಜಿ ಆಯ್ತು. ಉಳಿದದ್ದು ಸಫಾರಿ. ಅವ್ವನಿಗೆ ಸೊಂಟದ ಹತ್ತಿರ ಬೆನ್ನುಮೂಳೆ ಸವೆದಿದೆ ಅಂತ ನನಗೆ ಗೊತ್ತಿತ್ತು, ಬೆಲ್ಟ್ ಕಟ್ಟಿಕೊಂಡೇ ವಿಮಾನ ಹತ್ತಿದ್ದಳು. ಬುಕ್ ಮಾಡುವಾಗ ಫೋನಿನಲ್ಲಿ "ವಯಸ್ಸಾದವರು ಇದ್ದಾರೆ" ಅಂದೆ. ಆಕಡೆಯಿಂದ "ನೋ ಪ್ರಾಬ್ಲಂ ಸಾರ್, ಎಲ್ಲರೂ ಬರ್ತಾರೆ" ಅಂತ ಉತ್ತರ. ಬೆನ್ನಿನ ವಿಷಯ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ತಪ್ಪಿನಲ್ಲಿ ಅರ್ಧ ಪಾಲು ನನ್ನದೇ ಅಂತ ಈಗಲೇ ಒಪ್ಪಿಕೊಂಡುಬಿಡ್ತೀನಿ.

ಗಾಳಿ ಬೀಸಿ ಬರುವ ಕಡೆ ಮರಳಿನ ದಿಬ್ಬ ನಿಧಾನ ಏರು. ಆಚೆ ಬದಿ, ಅಂದ್ರೆ ಮರಳು ಜಾರಿ ಬೀಳುವ ಬದಿ, 30 ಡಿಗ್ರಿಗೂ ಮೀರಿದ ಇಳಿಜಾರು. ಗಾಡಿ ನಿಧಾನ ಏರಿ, ತುದಿಯಲ್ಲಿ ಒಂದು ಕ್ಷಣ ಬರೀ ಆಕಾಶ ತೋರಿಸಿ, ಆಮೇಲೆ ದಬಕ್ಕನೆ ಕೆಳಗೆ. ಹೊಟ್ಟೆಯಲ್ಲಿ ಜಾತ್ರೆಯ ತೊಟ್ಟಿಲಿನ ಥರ. ಆದರೆ ತೊಟ್ಟಿಲು ಒಂದೇ ಲಯದಲ್ಲಿ ತಿರುಗುತ್ತೆ. ಇದಕ್ಕೆ ಲಯವೇ ಇಲ್ಲ. ಮುಂದೆ, ಪಕ್ಕಕ್ಕೆ, ಮೇಲಕ್ಕೆ, ಯಾವಾಗ ಯಾವ ಕಡೆ ಅಂತ ಹೇಳಲಾಗದು. ಮೈ ಬಿಗಿ ಹಿಡಿಯೋಕೆ ಹೊತ್ತೇ ಸಿಗೋದಿಲ್ಲ, ಹೊಡೆತ ನೇರ ಬೆನ್ನಿಗೆ.

ಮಗಳು ಕಿರುಚಿ ಕೇಕೆ ಹಾಕುತ್ತಿದ್ದಳು. ನಾನು ವಿಡಿಯೋ ಮಾಡುತ್ತಿದ್ದೆ. ಮೂರೋ ನಾಲ್ಕೋ ದಿಬ್ಬ ಆದ ಮೇಲೆ ಮೊಬೈಲನ್ನು ಅವ್ವನ ಕಡೆ ತಿರುಗಿಸಿ "ಹೆಂಗೈತಿ ಅವ್ವಾ?" ಅಂದೆ. ಎರಡೂ ಕೈಯಲ್ಲಿ ಹಿಡಿಕೆ ಹಿಡಿದು, ತುಟಿ ಕಚ್ಚಿಕೊಂಡು ಕೂತಿದ್ದವಳು "ಚೊಲೋ ಐತಪಾ" ಅಂದಳು. ಆ ವಿಡಿಯೋ ಇನ್ನೂ ನನ್ನ ಹತ್ತಿರ ಇದೆ. ಈಗ ನೋಡಿದರೆ ಯಾರಿಗಾದರೂ ಗೊತ್ತಾಗುತ್ತೆ, ಅದು ಚೊಲೋ ಇರುವ ಮುಖ ಅಲ್ಲ. ಆಗ ನನಗೆ ಕಾಣಲೇ ಇಲ್ಲ.

ಮುಂದಿನ ದಿಬ್ಬಕ್ಕೆ ವಾಂತಿ. ಡ್ರೈವರ್ ಕನ್ನಡಿಯಲ್ಲಿ ನೋಡಿದವರೇ ಗಾಡಿಯನ್ನು ಮೆಲ್ಲಗೆ ಇಳಿಸಿ, ದಿಬ್ಬಗಳ ನಡುವಿನ ಸಮತಟ್ಟು ಜಾಗದಲ್ಲಿ ಒಂದು ಮರದ ಪಕ್ಕ ನಿಲ್ಲಿಸಿದರು. ನಮ್ಮ ಜೊತೆ ಇದ್ದ ಕೇರಳದ ಗಂಡ ಹೆಂಡತಿ ಪಾಪ ಏನೂ ಅನ್ನಲಿಲ್ಲ, ನೀರಿನ ಬಾಟಲಿ ಕೊಟ್ಟು ಆಚೆ ಹೋಗಿ ಫೋಟೋ ತೆಗೆಯುತ್ತಾ ನಿಂತರು. ಅವರ ಸಂಜೆಯನ್ನೂ ನಾನೇ ಕೆಡಿಸಿದ್ದೆ.

ಡ್ರೈವರ್ ಪಾಕಿಸ್ತಾನದ ಬಹಾವಲ್‌ಪುರದ ಕಡೆಯವರು. ಅವ್ವನಿಗೆ ಬೆಲ್ಟ್ ಇರೋದು ನೋಡಿ ಹಿಂದಿಯಲ್ಲಿ ನನಗೆ ಅಂದದ್ದು ಇಷ್ಟು: "ಭಾಯ್, ಮೊದಲೇ ಹೇಳೋದಲ್ವಾ? ಕ್ಯಾಂಪಿಗೆ ಬೇರೆ ದಾರಿ ಇದೆ. ಅಮ್ಮಾಜಿಯನ್ನು ಆ ದಾರಿಯಲ್ಲಿ ಕಳಿಸಬಹುದಿತ್ತು."

ಬೇರೆ ದಾರಿ ಇದೆ! ಮೂರು ವರ್ಷದಲ್ಲಿ ಐದಾರು ಸಲ ನೆಂಟರನ್ನು ಸಫಾರಿಗೆ ಕರೆದುಕೊಂಡು ಹೋದವನಿಗೆ ಈ ವಿಷಯ ಗೊತ್ತಿರಲಿಲ್ಲ. ಯಾಕೆಂದರೆ ಕೇಳಿರಲೇ ಇಲ್ಲ. ಡ್ಯೂನ್ ಬ್ಯಾಶಿಂಗ್ ಬೇಡ ಅಂದರೆ ನೇರ ಕ್ಯಾಂಪಿಗೆ ಬಿಡುವ ವ್ಯವಸ್ಥೆ ಬಹಳ ಕಂಪನಿಗಳಲ್ಲಿ ಇದೆ. ಗರ್ಭಿಣಿಯರು, ಬೆನ್ನು-ಕುತ್ತಿಗೆ ನೋವಿನವರು, ಹೃದಯದ ತೊಂದರೆ ಇರುವವರು, ತೀರಾ ಚಿಕ್ಕ ಮಕ್ಕಳು ಈ ಆಟಕ್ಕೆ ಬೇಡ ಅಂತ ಅವರದೇ ನಿಯಮಗಳಲ್ಲೂ ಬರೆದಿರುತ್ತೆ. ಎಲ್ಲೋ ಕೆಳಗೆ, ಸಣ್ಣ ಅಕ್ಷರದಲ್ಲಿ. ಫೋನಿನಲ್ಲಿ ಮಾರುವವನ ಬಾಯಲ್ಲಿ ಮಾತ್ರ ಅದು ಬರೋದಿಲ್ಲ.

ಅವ್ವ ಮರಳಿನ ಮೇಲೆ ಕೂತು ಸುಧಾರಿಸಿಕೊಂಡಳು. ಬಿಸಿಲು ಇಳಿಯುತ್ತಿತ್ತು. ನಮ್ಮ ಗಾಡಿಗಳ ಸಾಲು ದೂರ ಹೋಗಿ ಸದ್ದೆಲ್ಲಾ ನಿಂತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದವಳು ತಲೆ ಎತ್ತಿ ಮರ ನೋಡಿದಳು.

"ತಮ್ಮಾ, ಇದು ಬನ್ನಿ ಗಿಡ ಅಲ್ಲೇನೋ?"

"ಇಲ್ಲೆಲ್ಲಿ ಬನ್ನಿ ಬರತೈತಿ ಅವ್ವಾ..." ಅಂದೆ.

"ಹುಟ್ಟಿದಾಗಿಂದ ನೋಡೇನಿ, ನನಗ ಗೊತ್ತಾಗಂಗಿಲ್ಲೇನು?"

ಡ್ರೈವರನ್ನು ಕೇಳಿದೆ. "ಇಲ್ಲಿಯವರು ಗಾಫ್ ಅಂತಾರೆ. ನಮ್ಮ ಊರಲ್ಲಿ ಜಂಡ್" ಅಂದರು. ಮನೆಗೆ ಬಂದು ಹುಡುಕಿ ನೋಡಿದರೆ ಅವ್ವ ಹೇಳಿದ್ದೇ ಸರಿ. ಗಾಫ್, ಜಂಡ್, ರಾಜಸ್ಥಾನದ ಖೇಜಡಿ, ನಮ್ಮ ಬನ್ನಿ, ಎಲ್ಲಾ ಒಂದೇ ಮರ. ಪ್ರೊಸೊಪಿಸ್ ಸಿನರೇರಿಯಾ. ಪಾಂಡವರು ಆಯುಧ ಬಚ್ಚಿಟ್ಟ ಶಮಿಯೂ ಇದೇ ಅಂತಾರೆ. ಬೇರು ಹತ್ತಾರು ಮೀಟರ್ ಆಳಕ್ಕೆ ಇಳಿದು ನೀರು ಹುಡುಕುತ್ತೆ. ಇದು ಎಮಿರೇಟ್ಸಿನ ರಾಷ್ಟ್ರೀಯ ಮರ. 2019ನ್ನು ಈ ದೇಶ ಸಹಿಷ್ಣುತೆಯ ವರ್ಷ ಅಂತ ಆಚರಿಸಿದಾಗ ಅದರ ಚಿಹ್ನೆಯೂ ಇದೇ ಮರ ಆಗಿತ್ತು. ಐದಾರು ಸಲ ಇದರ ಪಕ್ಕದಲ್ಲೇ ಧೂಳೆಬ್ಬಿಸಿ ಹೋಗಿದ್ದೆ. ಒಂದು ಸಲವೂ ನೋಡಿರಲಿಲ್ಲ.

ಅವ್ವ ಎದ್ದು ಮರಕ್ಕೆ ಕೈ ಮುಗಿದಳು. ಕೆಳಗೆ ಉದುರಿದ್ದ ನಾಲ್ಕು ಎಲೆ ಆರಿಸಿ ಒಂದೊಂದು ನಮಗೆಲ್ಲಾ ಕೊಟ್ಟಳು, ಡ್ರೈವರಿಗೂ. ಡಿಸೆಂಬರಿನಲ್ಲಿ ದಸರೆ :-) ಅವರು ಅದನ್ನು ಜೇಬಿನಲ್ಲಿಟ್ಟುಕೊಂಡರು.

ಆಮೇಲೆ ಕ್ಯಾಂಪು. ಇಲ್ಲಿ ಇನ್ನೊಂದು ಮಾತು ಹೇಳಬೇಕು. ಟಿಕೆಟ್ಟಿನಲ್ಲಿ "ಬೆದುಯಿನ್ ಸಂಸ್ಕೃತಿ" ಅಂತ ಬರೆದಿರುತ್ತೆ. ಗಿರಗಿರ ತಿರುಗುವ ತನೂರಾ ಈಜಿಪ್ಟಿನದು, ಸೂಫಿಗಳ ಕುಣಿತದಿಂದ ಬಂದದ್ದು. ಬೆಲ್ಲಿ ಡಾನ್ಸಿಗೂ ಈ ಮರಳಿಗೂ ಸಂಬಂಧ ಇಲ್ಲ, ಅದೂ ಹೆಚ್ಚಾಗಿ ಈಜಿಪ್ಟಿನ ಕಡೆಯದು. ರಂಜಾನಿನಲ್ಲಿ ಅದು ಇರೋದಿಲ್ಲ. ಇದನ್ನೆಲ್ಲಾ ನೋಡಬೇಡಿ ಅಂತಲ್ಲ. ತನೂರಾ ನನಗೂ ಇಷ್ಟ. ಆದರೆ ಅರಬರ ಮರುಭೂಮಿ ಬದುಕು ಇದೇ ಅಂತ ತಿಳಿದು ವಾಪಸ್ ಬರಬೇಡಿ. ಇಲ್ಲಿಯದೇ ಅನ್ನುವಂಥವು ಕ್ಯಾಂಪಿನ ಮೂಲೆಯಲ್ಲಿ ಇರ್ತವೆ. ಗಿಡುಗ ಸಾಕಿ ಬೇಟೆಯಾಡುವ ಕಲೆ 2010ರಲ್ಲಿ, ಹೆಂಗಸರು ಉಣ್ಣೆಯಿಂದ ನೇಯುವ ಸದು 2011ರಲ್ಲಿ, ಗಹವಾ ಕೊಟ್ಟು ಸತ್ಕರಿಸುವ ಪದ್ಧತಿ 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ. ಗಹವಾದ ಪುಟ್ಟ ಬಟ್ಟಲನ್ನು ಅಲ್ಲಾಡಿಸಿ ವಾಪಸ್ ಕೊಡದಿದ್ದರೆ ಮತ್ತೆ ತುಂಬಿಸುತ್ತಲೇ ಇರ್ತಾರೆ. ನಮ್ಮ ಮದುವೆ ಮನೆಯಲ್ಲಿ ಎಲೆಗೆ ಅಡ್ಡ ಕೈ ಹಿಡಿಯೋ ಹಾಗೆ.

ಅವ್ವ ಒಂದು ದಿಂಬಿಗೆ ಒರಗಿ ಎಲ್ಲಾ ನೋಡಿದಳು. ನರ್ತಕಿ ಬಂದಾಗ ಅಂದದ್ದು ಒಂದೇ ಮಾತು: "ಪಾಪ, ಈ ಥಂಡ್ಯಾಗ ಆ ಹುಡುಗಿ ಹೆಂಗರ ನಿಂತಾಳೋ!"

ಆಮೇಲೆ ಮೂರು ದಿನ ಅವ್ವ ಹಾಸಿಗೆ ಬಿಟ್ಟು ಏಳಲಿಲ್ಲ. ಡಾಕ್ಟರು ನೋಡಿ ಹೆಚ್ಚಿನದೇನೂ ಆಗಿಲ್ಲ, ಪುಣ್ಯ ಅಂದರು. ಎರಡನೇ ದಿನ ಕೇಳಿದೆ, "ಮೊದಲನೇ ದಿಬ್ಬಕ್ಕೇ ನಿಲ್ಲಸಾಕ ಹೇಳಬೇಕಿತ್ತಲ್ಲ ಅವ್ವಾ?" ಅದಕ್ಕೆ ಅವಳು, "ನೀ ಅಷ್ಟು ರೊಕ್ಕ ಕೊಟ್ಟಿದ್ದಿ. ಮಗಳು ಬ್ಯಾರೆ ಖುಷಿಲೆ ಇದ್ದಳು. ನಡುವ ನಾ ಹೆಂಗ ಬ್ಯಾಡ ಅನ್ನಲಿ?"

ನಾನು ಹೇಳಬೇಕು ಅಂದುಕೊಂಡದ್ದು ಇದನ್ನೇ. ನಮ್ಮ ಅಪ್ಪ ಅಮ್ಮಂದಿರು ಬೇಡ ಅನ್ನೋದಿಲ್ಲ. ಮಗನ ದುಡ್ಡು, ಮಗನ ಉತ್ಸಾಹ, ಮೊಮ್ಮಕ್ಕಳ ಖುಷಿ, ಇವೆಲ್ಲದರ ಎದುರು ತಮ್ಮ ಬೆನ್ನು ಅವರಿಗೆ ಲೆಕ್ಕಕ್ಕಿಲ್ಲ. "ನೋ ಪ್ರಾಬ್ಲಂ ಸಾರ್" ಅನ್ನುವ ಕಂಪನಿಯವನಿಗೂ, "ಚೊಲೋ ಐತಪಾ" ಅನ್ನುವ ಅವ್ವನಿಗೂ ನಡುವೆ ಕೇಳಬೇಕಾದವರು ನಾವು. ನಾವೇ ಮೊಬೈಲು ಹಿಡಿದು ಕೂತರೆ? ಕಂಪನಿಯವರು ಬುಕ್ ಮಾಡುವಾಗಲೇ ನಾಲ್ಕು ಪ್ರಶ್ನೆ ಕೇಳಬೇಕು ಅಂತ ನನ್ನ ವಾದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಕೇಳುವವರೆಗೂ ಕಾಯೋದು ಬೇಡ.

ಅದಕ್ಕೇ, ಬರುವವರಿದ್ದರೆ ಇಷ್ಟು ಮಾಡಿ:

1. ಹಿರಿಯರಿದ್ದರೆ "ಡ್ಯೂನ್ ಬ್ಯಾಶಿಂಗ್ ಬೇಡ, ನೇರ ಕ್ಯಾಂಪಿಗೆ" ಅಂತ ಬುಕ್ ಮಾಡುವಾಗಲೇ ಹೇಳಿ, ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಗಾಡಿ ಹತ್ತುವಾಗ ಡ್ರೈವರಿಗೂ ಹೇಳಿ.

2. ಸ್ವಲ್ಪ ಹೆಚ್ಚು ಖರ್ಚು ಮಾಡುವಂತಿದ್ದರೆ ದುಬೈ ಮರುಭೂಮಿ ಸಂರಕ್ಷಿತ ಪ್ರದೇಶದೊಳಗೆ ನಿಧಾನವಾಗಿ ಸುತ್ತಿಸುವ ಪ್ರವಾಸ ಕೇಳಿ. 225 ಚದರ ಕಿಲೋಮೀಟರಿನ ಜಾಗ, ಆಯ್ದ ಕೆಲವೇ ಕಂಪನಿಗಳಿಗೆ ಒಳಗೆ ಪ್ರವೇಶ. 1972ರಲ್ಲಿ ಕಾಡಿನಿಂದ ಪೂರ್ತಿ ಅಳಿದುಹೋಗಿ, ಮತ್ತೆ ಬೆಳೆಸಿ ಬಿಟ್ಟ ಅರೇಬಿಯನ್ ಓರಿಕ್ಸ್ ಅಲ್ಲಿ ಕಾಣಸಿಗುತ್ತೆ.

3. ಆಟಕ್ಕೆ ಹೋಗುವವರು ಮಧ್ಯಾಹ್ನದ ಊಟ ಹಗುರ ಮಾಡಿ. ಬೆಲ್ಟ್ ಹಾಕಿಕೊಳ್ಳಿ. ಸಾಕು ಅನ್ನಿಸಿದರೆ ಸಾಕು ಅನ್ನಿ, ನಾಚಿಕೆ ಬೇಡ.

4. ಒಂಟೆ ಏಳುವಾಗ ಹಿಂಗಾಲು ಮೊದಲು ಎತ್ತುತ್ತೆ, ಕೂರುವಾಗ ಮುಂಗಾಲು ಮೊದಲು ಮಡಿಸುತ್ತೆ. ಎರಡೂ ಸಲ ಹಿಂದಕ್ಕೆ ವಾಲಿ. ಬೆನ್ನುನೋವಿನವರು ದೂರದಿಂದಲೇ ನೋಡಿದರೆ ಸಾಕು.

5. ಡಿಸೆಂಬರ್ ಜನವರಿಯಲ್ಲಿ ರಾತ್ರಿ ಚಳಿ. ಸ್ವೆಟರ್ ಮರೆಯಬೇಡಿ.

6. ಸೂರ್ಯಾಸ್ತಕ್ಕೆ ನಿಲ್ಲಿಸಿದಾಗ ಐದು ನಿಮಿಷ ಎಂಜಿನ್ ಆರಿಸಲು ಡ್ರೈವರನ್ನು ಕೇಳಿಕೊಳ್ಳಿ. ಟಿಕೆಟ್ಟಿನಲ್ಲಿ ಇಲ್ಲದ ಮರುಭೂಮಿ ಅಷ್ಟರಲ್ಲೇ ಸಿಗುತ್ತೆ.

ಅವ್ವ ಊರಿಗೆ ಹೋದ ಮೇಲೆ ಬುರ್ಜ್ ಖಲೀಫಾದ ಸುದ್ದಿ ಯಾರಿಗೂ ಹೇಳಲಿಲ್ಲವಂತೆ. ಓಣಿಯವರಿಗೆಲ್ಲಾ ಹೇಳಿದ್ದು, "ಅಲ್ಲೂ ನಮ್ಮ ಬನ್ನಿ ಗಿಡ ಐತ್ರಿ, ಬರೇ ಉಸುಕಿನ್ಯಾಗ!" ಮರುವರ್ಷ ದಸರೆಯ ದಿನ ಫೋನ್ ಮಾಡಿ ಆ ಗಿಡಕ್ಕೆ ಕೈ ಮುಗಿದು ಬಾ ಅಂದಳು. ಹೋಗಿ ಬಂದೆ. ಈ ಸಲ ಕಾರನ್ನು ರಸ್ತೆ ಬದಿಯಲ್ಲೇ ಬಿಟ್ಟು, ನಡೆದುಕೊಂಡು.

ನಿಮ್ಮ ಮನೆಯ ಹಿರಿಯರನ್ನು ಇಂಥ ಕಡೆ ಕರೆದುಕೊಂಡು ಹೋಗಿದ್ದೀರಾ? ಅವರು "ಚೆನ್ನಾಗಿತ್ತು" ಅಂದಾಗ ನಿಜವಾಗಿ ಚೆನ್ನಾಗಿತ್ತಾ? ಇನ್ನೊಂದು ಸಲ ಕೇಳಿ ನೋಡಿ. ಏನಂದರು ಅಂತ ನನಗೂ ತಿಳಿಸಿ.