ಮನೆಯ ದೀಪಕ್ಕೆ ಯಾರ ಅಪ್ಪಣೆ?

ಈಚೆಗೆ ನಮ್ಮ ಪಟ್ಟಣಗಳಲ್ಲಿ ಕಟ್ಟಿಸುವ ಹೊಸ ಮನೆಗಳಲ್ಲಿ ದೀಪ, ಫ್ಯಾನು, ಬಾಗಿಲಿನ ಬೀಗ, ನೀರಿನ ಪಂಪು ಮೊದಲಾದುವುಗಳನ್ನು ನಿಸ್ತಂತುವಾಗಿ ನಡೆಯಿಸುವ ಏರ್ಪಾಡು ರೂಢಿಗೆ ಬರುತ್ತಲಿದೆ. ಇದನ್ನು ಧನಿಕರ ಶೋಕಿಯೆಂದು ತಳ್ಳಿಹಾಕುವವರ ಗುಂಪಿಗೆ ನಾವು ಸೇರಿದವರಲ್ಲ. ಮಕ್ಕಳೆಲ್ಲರೂ ಪರದೇಶದಲ್ಲಿದ್ದು, ವೃದ್ಧಳಾದ ತಾಯಿಯೊಬ್ಬಳೇ ಮನೆ ಕಾಯುತ್ತಿರುವ ಸಂಸಾರಗಳು ಇಂದು ಬೀದಿಬೀದಿಗಳಲ್ಲಿ ಇರುವುವು. ಆಕೆ ನಡುರಾತ್ರಿಯಲ್ಲಿ ಎದ್ದಾಗ ಬಚ್ಚಲಿನ ದಾರಿಯ ದೀಪ ತಾನಾಗಿ ಹೊತ್ತಿಕೊಂಡರೆ ಒಂದು ಕಾಲುಮುರಿತ ತಪ್ಪೀತು. ವಸ್ತುವು ಒಳ್ಳೆಯದೇ. ಅದನ್ನು ಕೊಳ್ಳುವ ಕ್ರಮದಲ್ಲಿ ನಮ್ಮವರು ಮಾಡುತ್ತಿರುವ ಒಂದು ತಪ್ಪನ್ನು ಕುರಿತು ಮಾತ್ರ ಇಲ್ಲಿ ಹೇಳಬೇಕಾಗಿದೆ.

ಬಲ್ಬನ್ನೂ ಸ್ವಿಚ್ಚನ್ನೂ ನಾಲ್ಕು ಅಂಗಡಿ ಅಲೆದು ಆರಿಸುತ್ತಾರೆ. ಅವೆಲ್ಲವುಗಳ ರೇಡಿಯೋ ಸಂಕೇತಗಳನ್ನು ಗ್ರಹಿಸಿ, ಅವುಗಳಿಗೆ ಆಜ್ಞೆಯನ್ನು ರವಾನಿಸುವ ನಡುವಣ ಪೆಟ್ಟಿಗೆಯೊಂದಿದೆಯಷ್ಟೆ. ಅದಕ್ಕೆ ಗೇಟ್‌ವೇ ಎಂದೂ ಹಬ್ ಎಂದೂ ಹೆಸರು. ಅದನ್ನು ಮಾತ್ರ ಅಂಗಡಿಯವನು ಕೊಟ್ಟಂತೆ ತರುತ್ತಾರೆ. ಇಡೀ ಮನೆಯ ಆಡಳಿತ ಆ ಪೆಟ್ಟಿಗೆಯಲ್ಲಿರುವುದೆಂಬ ಸಂಗತಿ ಅವರಿಗೆ ತಿಳಿಯುವುದು ಅದು ಕೈಕೊಟ್ಟ ದಿನ.

ಅಮೆರಿಕೆಯಲ್ಲಿ ರಿವಾಲ್ವ್ ಎಂಬ ಹೆಸರಿನ ಹಬ್ಬೊಂದು ಸುಮಾರು 300 ಡಾಲರಿಗೆ ಮಾರಾಟವಾಗುತ್ತಿದ್ದಿತು. ಅದರೊಳಗೆ ಬೇರೆ ಬೇರೆ ಬಗೆಯ ಏಳು ರೇಡಿಯೋಗಳು ಇದ್ದುವು. 2014ರಲ್ಲಿ ಗೂಗಲ್ಲಿಗೆ ಸೇರಿದ ನೆಸ್ಟ್ ಕಂಪೆನಿ ರಿವಾಲ್ವನ್ನು ಕೊಂಡಿತು; 2016ನೆಯ ಇಸವಿ ಮೇ 15ರಂದು ಅದರ ಸರ್ವರನ್ನು ನಿಲ್ಲಿಸಿತು. ಪೆಟ್ಟಿಗೆ ಕೆಟ್ಟಿರಲಿಲ್ಲ, ರೇಡಿಯೋಗಳು ಸುಸ್ಥಿತಿಯಲ್ಲಿಯೇ ಇದ್ದುವು. ಆದರೂ ಗೃಹಸ್ಥನ ಗೋಡೆಯಿಂದ ಹತ್ತು ಮೊಳ ದೂರದ ದೀಪಕ್ಕೆ ಹೋಗಬೇಕಾದ ಅಪ್ಪಣೆ ಕಂಪೆನಿಯ ಸರ್ವರನ್ನು ಸುತ್ತಿ ಬರಬೇಕಾಗಿದ್ದುದರಿಂದ ಏಳು ರೇಡಿಯೋಗಳೂ ಒಮ್ಮೆಗೇ ಮೂಕವಾದುವು. 2022ರ ಏಪ್ರಿಲಿನಲ್ಲಿ ಇನ್ಸ್ಟಿಯಾನ್ ಎಂಬ ಮತ್ತೊಂದು ಏರ್ಪಾಡಿನ ಸರ್ವರು ಮುನ್ಸೂಚನೆಯಿಲ್ಲದೆ ನಿಂತಿತು. ಆಗ ಹಬ್ಬಿನೊಡನೆ ಮನೆಯೊಳಗಿನಿಂದಲೇ ನೇರವಾಗಿ ಮಾತನಾಡುವ ತಂತ್ರಾಂಶವನ್ನು ಮೊದಲೇ ಇಟ್ಟುಕೊಂಡಿದ್ದವರ ಮನೆಗಳು ಎಂದಿನಂತೆ ನಡೆದುವು. (ಅದೇ ಜೂನಿನಲ್ಲಿ ಕೆಲವರು ಗಿರಾಕಿಗಳೇ ಸೇರಿ ಆ ಸಂಸ್ಥೆಯನ್ನು ಕೊಂಡು ಮತ್ತೆ ನಡೆಯಿಸಿದರು. ಇಂತಹ ಅದೃಷ್ಟವನ್ನು ಎಲ್ಲರೂ ನೆಚ್ಚುವಂತಿಲ್ಲ.)

ಆದುದರಿಂದ ಗೇಟ್‌ವೇಯನ್ನು ಪರೀಕ್ಷಿಸಲು ನಾವು ಸೂಚಿಸುವ ಉಪಾಯ ಬಹು ಸುಲಭವಾದುದು. ಅಂಗಡಿಯಲ್ಲಿಯೇ ಇಂಟರ್ನೆಟ್ಟಿನ ತಂತಿಯನ್ನು ಕಿತ್ತು, ದೀಪ ಹಚ್ಚಿ ತೋರಿಸೆನ್ನಿರಿ. ಹತ್ತಿದರೆ ಮುಂದಿನ ಮಾತು. ಹತ್ತದಿದ್ದರೆ ಆ ಪೆಟ್ಟಿಗೆ ಎಷ್ಟು ಅಗ್ಗವಾದರೂ ಬೇಡ. ಕಚೇರಿಯಲ್ಲಿ ಕುಳಿತು ಮನೆಯ ಪಂಪನ್ನು ನಿಲ್ಲಿಸುವ ಅನುಕೂಲ ಬೇಕೆನ್ನುವವರಿಗೂ ಇದರಿಂದ ನಷ್ಟವಿಲ್ಲ. ಮನೆಯೊಳಗೆ ಸ್ವತಂತ್ರವಾಗಿ ನಡೆಯುವ ಗೇಟ್‌ವೇಗೆ ಹೊರಗಿನ ದಾರಿಯನ್ನು ಆಮೇಲೆ ಕೂಡಿಸಬಹುದು.

ಎರಡನೆಯದು, ಪೆಟ್ಟಿಗೆಯ ಭಾಷೆ. ಜಿಗ್‌ಬೀ ಎಂಬುದು ಹಲವು ಕಂಪೆನಿಗಳಿಗೆ ಸಾಮಾನ್ಯವಾದ ಪದ್ಧತಿ. ಹೆಚ್ಚಿನ ಸಾಮಾನು ಇದರಲ್ಲಿಯೇ ಸಿಕ್ಕುತ್ತದೆ. ಇದೇ ಬಗೆಯ ರೇಡಿಯೋವನ್ನು ಬಳಸುವ ಇನ್ನೊಂದು ಪದ್ಧತಿ ಥ್ರೆಡ್. 2022ರ ಅಕ್ಟೋಬರಿನಲ್ಲಿ ಹೊರಬಿದ್ದ ಮ್ಯಾಟರ್ ಎಂಬ ಒಡಂಬಡಿಕೆ ಥ್ರೆಡ್ ಮತ್ತು ವೈಫೈಗಳ ಮೇಲೆ ನಡೆಯುವುದು. ಅದರಲ್ಲಿ ಆಜ್ಞೆ ಮನೆಯ ಜಾಲದೊಳಗೇ ಸಂಚರಿಸುವುದಲ್ಲದೆ, ಒಂದೇ ಉಪಕರಣವನ್ನು ಬೇರೆ ಬೇರೆ ಕಂಪೆನಿಗಳ ಯಜಮಾನ ಪೆಟ್ಟಿಗೆಗಳಿಗೆ ಒಟ್ಟಿಗೆ ಒಪ್ಪಿಸಬಹುದು. ಈಗ ಕೊಳ್ಳುವವರು ಜಿಗ್‌ಬೀ, ಥ್ರೆಡ್ ಎರಡನ್ನೂ ಬಲ್ಲ ಪೆಟ್ಟಿಗೆಯನ್ನು ಕೊಳ್ಳುವುದು ಲೇಸು.

ಇವೆರಡೂ ನಡೆಯುವುದು 2.4 ಗಿಗಾಹರ್ಟ್ಸಿನಲ್ಲಿ, ವೈಫೈಯ ಸಂತೆಯೂ ಅಲ್ಲಿಯೇ. ವೈಫೈ 1ನೆಯ ಚಾನಲ್ಲಿನಲ್ಲಿದ್ದರೆ ಜಿಗ್‌ಬೀಯನ್ನು 25ನೆಯದರಲ್ಲಿಡುವುದು ಕ್ಷೇಮ. ಚಾನಲ್ಲನ್ನು ಬದಲಾಯಿಸಲು ಗೇಟ್‌ವೇ ಅವಕಾಶ ಕೊಡುವುದೋ ಎಂದು ಕೇಳಿಕೊಳ್ಳಬೇಕು. ಇಟ್ಟ ಸ್ಥಳವೂ ಮುಖ್ಯ. ನಮ್ಮ ಮನೆಯಲ್ಲಿಯೇ ಪೆಟ್ಟಿಗೆಯನ್ನು ಕಬ್ಬಿಣದ ಬೀರುವಿನ ಹಿಂದೆ ಇಟ್ಟು, ಒಂದು ವಾರ ಕಾಲ ತಯಾರಕರನ್ನು ಶಪಿಸಿದೆವು. ತಪ್ಪು ನಮ್ಮದೇ ಆಗಿದ್ದಿತು. ಸದಾ ಕರೆಂಟಿನ ಮೇಲಿರುವ ಪ್ಲಗ್ಗು, ಸ್ವಿಚ್ಚುಗಳು ಸಾಮಾನ್ಯವಾಗಿ ಸಂಕೇತವನ್ನು ಕೈಯಿಂದ ಕೈಗೆ ದಾಟಿಸುತ್ತವೆ. ಬ್ಯಾಟರಿಯ ಉಪಕರಣಗಳು ದಾಟಿಸವು. ದೊಡ್ಡ ಮನೆಗೆ ಅಲ್ಲಲ್ಲಿ ಅಂತಹ ಎರಡು ಮೂರು ಪ್ಲಗ್ಗುಗಳನ್ನು ಹಾಕಿದರೆ ಸಾಕು.

ಸೈಜುಗಲ್ಲಿನ ಗೋಡೆಯ ಹಳೆಯ ಮನೆಯವರಿಗೆ ಜ್ಹೀ-ವೇವ್ ಎಂಬ ಪದ್ಧತಿ ಹೆಚ್ಚು ಒಗ್ಗೀತು. ಅದರ ಅಲೆ ಉದ್ದವಾದುದು, ಗೋಡೆಯನ್ನು ಹೆಚ್ಚು ಸುಲಭವಾಗಿ ದಾಟುವುದು. ಆದರೆ ಇಲ್ಲಿ ನಮ್ಮವರು ಮೋಸಹೋಗುವ ಒಂದು ಸಂದರ್ಭವಿದೆ. ಅಮೆರಿಕೆಯಿಂದ ರಜಕ್ಕೆ ಬರುವ ಮಗನು ಪ್ರೀತಿಯಿಂದ ಅಲ್ಲಿಯ ಬೀಗವನ್ನೂ ಗೇಟ್‌ವೇಯನ್ನೂ ಪೆಟ್ಟಿಗೆಯಲ್ಲಿಟ್ಟು ತರುತ್ತಾನೆ. ಅಮೆರಿಕೆಯ ಜ್ಹೀ-ವೇವ್ ಮಾತನಾಡುವುದು 908.42 ಮೆಗಾಹರ್ಟ್ಸಿನಲ್ಲಿ. ನಮ್ಮ ದೇಶದಲ್ಲಿ 890ರಿಂದ 915ರವರೆಗಿನ ಭಾಗವು ಮೊಬೈಲುಗಳು ಗೋಪುರಕ್ಕೆ ಮಾತು ಕಳುಹಿಸುವ ದಾರಿ. ಅಲ್ಲಿ ಖಾಸಗಿಯವರು ಪ್ರಸಾರ ಮಾಡುವುದು ಅಪರಾಧ. ಸಣ್ಣ ಉಪಕರಣಗಳಿಗೆಂದು ಸರ್ಕಾರದವರು 2005ರಲ್ಲಿ 865ರಿಂದ 867 ಮೆಗಾಹರ್ಟ್ಸಿನವರೆಗೆ ಪರವಾನಗಿಯಿಂದ ಮುಕ್ತಗೊಳಿಸಿ, 2021ರಲ್ಲಿ ಅದನ್ನು 868ಕ್ಕೆ ವಿಸ್ತರಿಸಿರುವರು. ಭಾರತದ ಜ್ಹೀ-ವೇವ್ 865.2ರಲ್ಲಿದೆ. ಅಮೆರಿಕೆಯ ಬೀಗವೂ ಇಲ್ಲಿಯ ಗೇಟ್‌ವೇಯೂ ಒಂದನ್ನೊಂದು ಕೇಳಲಾರವು. ಮಗನು ವಿಮಾನ ಹತ್ತುವ ಮೊದಲೇ ತಂದೆತಾಯಿಗಳು ಈ ಮಾತನ್ನು ಫೋನಿನಲ್ಲಿ ತಿಳಿಸುವುದೊಳ್ಳೆಯದು. ಜ್ಹೀ-ವೇವಿನ ಸಾಮಾನು ನಮ್ಮಲ್ಲಿ ಜಿಗ್‌ಬೀಯಷ್ಟು ಸುಲಭವಾಗಿ ದೊರೆಯದೆಂಬುದನ್ನೂ ನೆನಪಿಡಬೇಕು.

ಕೈಯಿಂದ ಮಾಡಿಕೊಳ್ಳುವ ಉತ್ಸಾಹವುಳ್ಳ ತರುಣರಿಗೆ ಬೇರೊಂದು ಮಾರ್ಗವಿದೆ. 2013ರಿಂದ ಬೆಳೆದುಬಂದಿರುವ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶವನ್ನು ಚಿಕ್ಕ ಕಂಪ್ಯೂಟರಿನಲ್ಲಿಟ್ಟು, ಯುಎಸ್‌ಬಿಯ ರೇಡಿಯೋ ಕಡ್ಡಿಯೊಂದನ್ನು ಸಿಕ್ಕಿಸಿದರೆ ಗೇಟ್‌ವೇ ಸಿದ್ಧ. ಕಡ್ಡಿಯನ್ನು ನೇರವಾಗಿ ಯುಎಸ್‌ಬಿ 3ರ ತೂತಿಗೆ ಚುಚ್ಚಬಾರದು. ಅದರ ಗದ್ದಲ 2.4 ಗಿಗಾಹರ್ಟ್ಸನ್ನು ಕೆಡಿಸುವುದರಿಂದ ಒಂದು ಮೊಳ ತಂತಿಯ ಅಂತರ ಬೇಕು. ಕರೆಂಟು ಹಠಾತ್ತನೆ ಹೋದರೆ ಮೆಮೊರಿ ಕಾರ್ಡು ಕೆಡುವುದುಂಟು. ಯುಪಿಎಸ್ಸಿಗೆ ಜೋಡಿಸುವುದು ಅವಶ್ಯ. ಈ ಮಾರ್ಗವನ್ನು ಎಲ್ಲರಿಗೂ ಹೇಳಲಾರೆವು. ಮನೆಯಲ್ಲಿ ತಿಳಿದವನು ಒಬ್ಬನೇ ಇದ್ದು, ಅವನಿಗೆ ಪರಸ್ಥಳಕ್ಕೆ ವರ್ಗವಾದರೆ ತಾಯಿಯ ಗತಿಯೇನು? ಅವಳಿಗೆ ಗೋಡೆಯ ಮೇಲೆ ಕೈಯಿಂದ ಒತ್ತುವ ಸ್ವಿಚ್ಚು ಹೇಗೂ ಇರತಕ್ಕದ್ದು.

ಇನ್ನು ಅಧಿಕಾರಿವರ್ಗದವರಿಗೆ ಒಂದು ಬಿನ್ನಹ. ಕೇಂದ್ರದ ಟೆಲಿಕಮ್ಯುನಿಕೇಶನ್ ಎಂಜಿನಿಯರಿಂಗ್ ಸೆಂಟರಿನವರು ಗೃಹಬಳಕೆಯ ಇಂತಹ ಉಪಕರಣಗಳ ಭದ್ರತೆಗಾಗಿ 2021ರಲ್ಲಿ ಒಂದು ನೀತಿಸಂಹಿತೆಯನ್ನು ಪ್ರಕಟಿಸಿರುವರು. ಎಲ್ಲ ಪೆಟ್ಟಿಗೆಗಳಿಗೂ ಒಂದೇ ಗುಪ್ತಪದ ಇರಬಾರದೆಂದೂ, ಜಾಲವೋ ವಿದ್ಯುತ್ತೋ ನಿಂತಾಗ ಏರ್ಪಾಡು ತಾಳಿಕೊಳ್ಳಬೇಕೆಂದೂ ಅದರಲ್ಲಿದೆ. ಸರ್ಕಾರದ ವಸತಿಗೃಹಗಳಿಗೂ ಆಸ್ಪತ್ರೆಗಳಿಗೂ ಈ ಸಾಮಾನನ್ನು ತರಿಸುವಾಗ ಆ ಸಂಹಿತೆಯನ್ನು ಟೆಂಡರಿನ ಷರತ್ತಾಗಿ ಸೇರಿಸಲು ಯಾವ ಹೊಸ ಕಾನೂನೂ ಬೇಕಿಲ್ಲ. ಅದರ ಜತೆಗೆ, ಇಂಟರ್ನೆಟ್ಟಿನ ತಂತಿ ಕಿತ್ತಾಗಲೂ ದೀಪ ಹತ್ತತಕ್ಕದ್ದು ಎಂಬ ಒಂದು ಸಾಲನ್ನು ಬರೆದು, ಮಾಲು ಒಪ್ಪಿಸಿಕೊಳ್ಳುವ ದಿನ ಎಂಜಿನಿಯರು ತಾನೇ ನಿಂತು ಆ ತಂತಿಯನ್ನು ಕಿತ್ತು ನೋಡಲಿ.