ಹದಿನೆಂಟರ ಗಡಿಯೂ ಹೆಣ್ಣುಮಕ್ಕಳ ಮಾತೂ

ನಮ್ಮ ಪಾಠಶಾಲೆಯ ಕಪಾಟುಗಳಲ್ಲಿರುವ ಪುಸ್ತಕಗಳಲ್ಲೆಲ್ಲ ಅತ್ಯಂತ ತೂಕವುಳ್ಳದ್ದು ಯಾವುದೆಂದು ಯಾರಾದರೂ ಕೇಳಿದರೆ, ಅದು ಅಡ್ಮಿಷನ್ ರಿಜಿಸ್ಟರೆಂದು ನಾವು ಉತ್ತರ ಕೊಡುವೆವು. ಅದರಲ್ಲಿ ಹುಡುಗಿಯ ಹೆಸರಿನ ಮುಂದೆ ಬರೆದಿರುವ ಜನ್ಮ ದಿನಾಂಕವು ಬರಿಯ ಅಂಕೆಯಲ್ಲ. ಮಗುವಿನ ವಯಸ್ಸಿನಲ್ಲಿ ಸಂದೇಹ ಹುಟ್ಟಿದಾಗ ಮಕ್ಕಳ ಕಲ್ಯಾಣ ಸಮಿತಿಯು ಮೊದಲು ಕೇಳತಕ್ಕದ್ದು ಶಾಲೆಯು ಕೊಟ್ಟ ಜನ್ಮ ದಿನಾಂಕದ ಪತ್ರವನ್ನು ಅಥವಾ ಪರೀಕ್ಷಾ ಮಂಡಲಿಯ ಪ್ರಮಾಣಪತ್ರವನ್ನು ಎಂದು ೨೦೧೫ರ ಬಾಲನ್ಯಾಯ ಕಾಯಿದೆಯು ವಿಧಿಸಿದೆ. ಆದುದರಿಂದ ಆ ಒಂದು ಸಾಲೇ ಅನೇಕ ಹೆಣ್ಣುಮಕ್ಕಳಿಗೆ ಮೊದಲನೆಯ ರಕ್ಷಣೆಯಾಗಿದೆ.

ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಯುವ ಕಾಲವೂ ಮದುವೆಯ ಮುಹೂರ್ತಗಳ ಕಾಲವೂ ನಮ್ಮ ಸೀಮೆಯಲ್ಲಿ ಕೂಡಿ ಬರುತ್ತವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಳ್ಳಿಗಳಿಂದ ಬರುವ ತಂದೆತಾಯಿಗಳಲ್ಲಿ ಕೆಲವರು ಆಗ ಟಿ.ಸಿ. ಕೇಳುವರು, ಮತ್ತೆ ಕೆಲವರು ಸಂಕೋಚದಿಂದ, ವಯಸ್ಸನ್ನು ಒಂದೆರಡು ವರ್ಷ ಹೆಚ್ಚಿಸಿ ಬರೆದುಕೊಡಲಾಗದೇ ಎಂದು ಕೇಳುವರು. ಇವರು ಕಠಿಣ ಹೃದಯರಲ್ಲವೆಂಬುದನ್ನು ನಾವು ಬಲ್ಲೆವು. ಹುಟ್ಟಿದಂದೇ ಸೋದರಮಾವನಿಗೆಂದು ಕೊಟ್ಟ ಮಾತು, ಹುಡುಗಿಯ ಓದಿನೊಡನೆ ಏರುವ ವರದಕ್ಷಿಣೆ, ಗಂಡಹೆಂಡಿರಿಬ್ಬರೂ ಕೂಲಿಗೆ ಹೋದಾಗ ಬೆಳೆದ ಮಗಳು ಮನೆಯಲ್ಲಿ ಒಂಟಿಯಾಗಿರುವಳೆಂಬ ಭಯ, ಇವು ಅವರನ್ನು ನೂಕುತ್ತವೆ. ಭಯವು ನಿಜವಾದುದೇ. ಆದರೆ ಅದರ ಬೆಲೆಯನ್ನು ಮಗುವೊಂದೇ ತೆರುವುದು ನ್ಯಾಯವಲ್ಲ.

ವಯಸ್ಸಿನ ಕಟ್ಟಳೆಯು ಹೊರಗಿನಿಂದ ಬಂದ ಹೊಸ ಪದ್ಧತಿಯೆಂದು ಹೇಳುವವರುಂಟು. ಅದು ಸರಿಯಲ್ಲ. ಕೋಲಾರವು ಸೇರಿದ್ದ ಮೈಸೂರು ಸಂಸ್ಥಾನದಲ್ಲಿಯೇ ೧೮೯೪ರಲ್ಲಿ ಶಿಶುವಿವಾಹ ನಿಷೇಧದ ರೆಗ್ಯುಲೇಷನ್ ಜಾರಿಗೆ ಬಂದಿತು. ೮ ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನೂ, ೫೦ ವರ್ಷ ದಾಟಿದ ಪುರುಷನು ೧೪ರೊಳಗಿನ ಬಾಲೆಯನ್ನು ವರಿಸುವುದನ್ನೂ ಅದು ತಡೆಯಿತು. ಬ್ರಿಟಿಷ್ ಇಂಡಿಯಾದಲ್ಲಿ ಶಾರದಾ ಕಾಯಿದೆಯು ೧೯೨೯ರಲ್ಲಿ ಹೆಣ್ಣಿಗೆ ೧೪, ಗಂಡಿಗೆ ೧೮ ಎಂದು ಗೊತ್ತುಮಾಡಿತು. ೧೯೪೯ರಲ್ಲಿ ಹೆಣ್ಣಿನ ವಯಸ್ಸು ೧೫ ಆಯಿತು. ೧೯೭೮ರಲ್ಲಿ ಹೆಣ್ಣಿಗೆ ೧೮, ಗಂಡಿಗೆ ೨೧ ಎಂದಾಯಿತು. ಈಗಿರುವ ೨೦೦೬ರ ಕಾಯಿದೆಯ ಪ್ರಕಾರ ಬಾಲ್ಯವಿವಾಹ ಮಾಡಿಸಿದವರಿಗೆ ೨ ವರ್ಷಗಳವರೆಗೆ ಕಠಿಣ ಸಜೆಯೂ ೧ ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯೂ ಉಂಟು. ಕರ್ನಾಟಕವು ತನ್ನ ತಿದ್ದುಪಡಿಯಿಂದ ಅಂಥ ಮದುವೆಯು ಮೊದಲಿನಿಂದಲೇ ಅಸಿಂಧುವೆಂದು ಸಾರಿದೆ. ಗಡಿಯಾಚೆ ಚಿತ್ತೂರಿನ ಕಡೆಯೋ ಕೃಷ್ಣಗಿರಿಯ ಕಡೆಯೋ ತಾಳಿ ಕಟ್ಟಿಸಿದರೆ ತೊಂದರೆಯಿಲ್ಲವೆಂದು ನಂಬಿರುವವರು, ೨೦೦೬ರ ಕಾಯಿದೆಯು ಅಲ್ಲಿಯೂ ನಡೆಯುವುದೆಂಬುದನ್ನು ತಿಳಿಯತಕ್ಕದ್ದು.

ಹೀಗೆ ಎಂಟರಿಂದ ಹದಿನೆಂಟಕ್ಕೆ ಬರಲು ಎಂಬತ್ತನಾಲ್ಕು ವರ್ಷಗಳು ಹಿಡಿದವು. ಹಾಗಾದರೆ ಗಡಿಯನ್ನು ಇನ್ನೂ ಮುಂದಕ್ಕೆ ನೂಕಿದರೆ ಸಾಕೇ? ಹೆಣ್ಣಿನ ವಿವಾಹ ವಯಸ್ಸನ್ನು ೨೧ಕ್ಕೆ ಏರಿಸುವ ಮಸೂದೆಯೊಂದು ೨೦೨೧ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿತವಾಗಿ, ೨೦೨೪ರಲ್ಲಿ ಆ ಸಭೆಯ ವಿಸರ್ಜನೆಯೊಡನೆ ಬಿದ್ದುಹೋಯಿತು. ಅದಕ್ಕೆ ಮೊದಲು ೨೦೧೮ರಲ್ಲಿ ಕಾನೂನು ಆಯೋಗವು ತನ್ನ ಸಮಾಲೋಚನಾ ಪತ್ರದಲ್ಲಿ, ಗಂಡಿಗೂ ಹೆಣ್ಣಿಗೂ ೧೮ ಎಂಬ ಒಂದೇ ವಯಸ್ಸಿರಲಿ ಎಂದು ಅಭಿಪ್ರಾಯಪಟ್ಟಿತ್ತು. ನಾವು ಈ ಎರಡನೆಯ ಪಕ್ಷದವರು. ೧೯೮೯ರಿಂದ ಹದಿನೆಂಟು ತುಂಬಿದವರಿಗೆ ಮತದಾನದ ಹಕ್ಕುಂಟು. ದೇಶವನ್ನಾಳುವವರನ್ನು ಆರಿಸಲು ಯೋಗ್ಯಳಾದವಳು ತನ್ನ ಬಾಳನ್ನು ಕುರಿತು ನಿರ್ಣಯಿಸಲು ಅಯೋಗ್ಯಳೆಂದು ಹೇಳುವುದು ಯುಕ್ತವಲ್ಲ. ಹೆಂಡತಿಯು ಗಂಡನಿಗಿಂತ ಕಿರಿಯಳೇ ಆಗಿರಬೇಕೆಂಬ ಹಳೆಯ ಎಣಿಕೆಯನ್ನು ಕಾಯಿದೆಯು ಎತ್ತಿಹಿಡಿಯಬೇಕಾದ ಅಗತ್ಯವೂ ಇಲ್ಲ.

ನಮಗೆ ಮುಖ್ಯವಾಗಿ ತೋರುವ ವಿಷಯವು ಬೇರೆಯದು. ವಯಸ್ಸಿನ ಗಡಿಯು ದೊಡ್ಡವರ ಕೈಯನ್ನು ತಡೆಯಬಲ್ಲದು; ಮಗುವಿನ ಬಾಯನ್ನು ತೆರೆಸಲಾರದು. ಶ್ರೀನಿವಾಸಪುರದ ಮಾವಿನ ತೋಟಗಾರರು ಎಳೆಯ ಗಿಡಕ್ಕೆ ಬೇಲಿ ಕಟ್ಟಿ ಸುಮ್ಮನಾಗುವುದಿಲ್ಲ, ನೀರನ್ನೂ ಹಾಕುತ್ತಾರೆ. ಹದಿನೇಳು ವರ್ಷ ಹನ್ನೊಂದು ತಿಂಗಳು ಯಾರೂ ಅಭಿಪ್ರಾಯ ಕೇಳದೆ ಬೆಳೆಸಿದ ಹುಡುಗಿಯು ಹುಟ್ಟುಹಬ್ಬದ ಬೆಳಗಿನಲ್ಲಿ ಒಮ್ಮೆಲೇ ಸ್ವತಂತ್ರಳಾಗುವಳೆ? ಆ ದಿನಕ್ಕಾಗಿ ಕಾದಿದ್ದು, ಮರುವಾರವೇ ಅವಳನ್ನು ಕೇಳದೆ ಧಾರೆಯೆರೆದರೆ ಕಾಯಿದೆಯ ಅಕ್ಷರವು ಉಳಿಯಿತು, ಅರ್ಥವು ಅಳಿಯಿತು.

ಕೇಳಿಸಿಕೊಳ್ಳಲ್ಪಡುವ ಹಕ್ಕು ಹದಿನೆಂಟರ ವರೆಗೆ ಕಾಯತಕ್ಕದ್ದಲ್ಲ. ತನಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲಿಯೂ ಮಗುವು ತನ್ನ ಅಭಿಪ್ರಾಯವನ್ನು ತಿಳಿಸಬಹುದು, ಅದಕ್ಕೆ ವಯಸ್ಸಿಗೂ ತಿಳಿವಳಿಕೆಗೂ ತಕ್ಕ ಬೆಲೆ ಸಲ್ಲಬೇಕು ಎಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ೧೨ನೆಯ ವಿಧಿಯು ಹೇಳುತ್ತದೆ. ನಮ್ಮ ದೇಶವು ೧೯೯೨ರಲ್ಲಿ ಅದಕ್ಕೆ ಒಪ್ಪಿಗೆಯಿತ್ತಿತು. ನಮ್ಮ ಬಾಲನ್ಯಾಯ ಕಾಯಿದೆಯೂ ಈ ತತ್ತ್ವವನ್ನು ಅಂಗೀಕರಿಸಿದೆ. ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮ ಸಭೆಗಳು ಏರ್ಪಟ್ಟಿರುವುದೂ ಇದಕ್ಕಾಗಿಯೇ. ಬಸ್ಸಿಲ್ಲದ ಹಾದಿ, ಬೀಗ ಬಿದ್ದ ಶೌಚಾಲಯ, ಸಂಜೆ ದೀಪವಿಲ್ಲದ ಬೀದಿ, ಇವನ್ನು ಸಭೆಯಲ್ಲಿ ಎದ್ದು ಹೇಳಿದ ಹುಡುಗಿಗೆ, ಮುಂದೆ ತನ್ನ ವಿಷಯವನ್ನು ಮನೆಯಲ್ಲಿ ಹೇಳಲು ನಾಲಗೆ ತಡವರಿಸದು.

ಪೋಷಕರಲ್ಲಿ ನಮ್ಮ ವಿಜ್ಞಾಪನೆಯು ಅಲ್ಪವಾದುದು. ಮನೆಯ ಖರ್ಚು, ಸಾಲ, ಮುಂದಿನ ಓದು ಇವುಗಳ ಮಾತು ಬಂದಾಗ ಮಗಳನ್ನೂ ಹತ್ತಿರ ಕೂರಿಸಿಕೊಳ್ಳಿರಿ. ಹತ್ತು ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯದ ಖಾತೆ ನಡೆಸಲು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಅನುಮತಿಯಿತ್ತಿದೆ. ಅವಳ ಹೆಸರಿನಲ್ಲಿ ಒಂದನ್ನು ತೆರೆಯಿಸಿರಿ. ಹದಿನೇಳು ತುಂಬಿದೊಡನೆ ಮತದಾರರ ಪಟ್ಟಿಗೆ ಮುಂಗಡ ಅರ್ಜಿ ಹಾಕಬಹುದು, ಹಾಕಿಸಿರಿ. ಸಂಬಂಧದ ಮಾತು ಬಂದರೆ ಹದಿನೆಂಟು ಆಗಲೆಂದು ಹೇಳಿ, ಅನಂತರವೂ ಅವಳ ಒಪ್ಪಿಗೆಯನ್ನು ಕೇಳಿರಿ. ಒಲ್ಲೆನೆಂದರೆ ಅದನ್ನು ಒಲ್ಲೆನೆಂದೇ ತಿಳಿಯಿರಿ.

ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಹಲವರು ಇಂದು ತಾಯಂದಿರು, ದಾದಿಯರು, ಉಪಾಧ್ಯಾಯಿನಿಯರು, ಅಂಗನವಾಡಿಯ ಕಾರ್ಯಕರ್ತೆಯರು. ನಿಮ್ಮ ಬೀದಿಯಲ್ಲಿ ಶಾಲೆ ಬಿಟ್ಟ ಹುಡುಗಿಯೊಬ್ಬಳ ಮನೆಯ ಮುಂದೆ ಚಪ್ಪರವೇಳುವುದನ್ನು ನಮಗಿಂತ ಮೊದಲು ಕಾಣುವವರು ನೀವು. ೧೦೯೮ ಎಂಬ ಮಕ್ಕಳ ಸಹಾಯವಾಣಿಯು ಎಲ್ಲರಿಗೂ ತಿಳಿದಿರಲಿ. ಆದರೆ ಚಪ್ಪರವೇಳುವ ಮೊದಲೇ ಆ ಮನೆಗೆ ಹೋಗಿ, ತಾಯಿಯ ಪಕ್ಕದಲ್ಲಿ ಕುಳಿತು, "ಮಗಳನ್ನು ಒಮ್ಮೆ ಕೇಳಿದಿರಾ ಅಕ್ಕಾ?" ಎನ್ನುವ ಧೈರ್ಯವು ಅದಕ್ಕಿಂತ ದೊಡ್ಡ ಸಹಾಯ. ದಿನಾಂಕವನ್ನು ಕಾಯುವ ಕೆಲಸವನ್ನು ಶಾಲೆಯು ಮಾಡುವುದು. ಆ ಪ್ರಶ್ನೆಯನ್ನು ಮನೆಮನೆಗೆ ಒಯ್ಯುವ ಕೆಲಸವು ನಿಮ್ಮದಾಗಲಿ.